ವಿಯೆನ್ನಾದ ಜಿಂಕೆ, ಹಾಲಿವುಡ್ ಕಾಡು

ಬ್ಯಾಂಬಿ ಎಂದೊಡನೆ ಬಹುಮಂದಿಯ ಕಣ್ಣಮುಂದೆ ಬರುವುದು ಮಂಜುಗಡ್ಡೆಯ ಮೇಲೆ ಕಾಲು ಜಾರಿ ಬೀಳುವ, ದೊಡ್ಡ ಕಣ್ಣಿನ ಒಂದು ಜಿಂಕೆ ಮರಿ. ಅದರ ಪಕ್ಕದಲ್ಲಿ ನೆಲಕ್ಕೆ ಕಾಲು ಬಡಿಯುವ ತುಂಟ ಮೊಲ, ಮಾತಿಗೆ ಮುಂಚೆ ನಾಚುವ ಸ್ಕಂಕ್. ವಾಲ್ಟ್ ಡಿಸ್ನಿ ಸಂಸ್ಥೆ 1942ರಲ್ಲಿ ತೆರೆಗೆ ತಂದ ಈ ಕಾರ್ಟೂನ್ ಚಿತ್ರವನ್ನು ತಲೆಮಾರಿನಿಂದ ತಲೆಮಾರಿಗೆ ಮಕ್ಕಳು ನೋಡುತ್ತ ಬಂದಿದ್ದಾರೆ. ಆದರೆ ಈ ಮೂವರು ಗೆಳೆಯರನ್ನು ಹುಡುಕಿಕೊಂಡು ಮೂಲ ಕಾದಂಬರಿಯ ಪುಟ ತಿರುವಿದವರಿಗೆ ಅಚ್ಚರಿ ಕಾದಿರುತ್ತದೆ. ಅಲ್ಲಿ ಆ ತುಂಟ ಮೊಲವೂ ಇಲ್ಲ, ಸ್ಕಂಕೂ ಇಲ್ಲ. ಅಲ್ಲಿರುವ ಒಂದು ಮೊಲದ ಮರಿಯನ್ನು, ಅದು ಕಾಯಿಲೆ ಬಿದ್ದಿರುವಾಗ, ಚಳಿಗಾಲದ ಒಂದು ದಿನ ಕಾಗೆಗಳು ಕುಕ್ಕಿ ಕೊಲ್ಲುತ್ತವೆ.

ಪ್ರಾಣಿಗಳ ಕಥೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಬದಲಾಗುವುದು ಹೊಸದೇನಲ್ಲ. ಹನ್ನೊಂದನೇ ಶತಮಾನದಲ್ಲಿ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದಾಗ ಪ್ರಸಿದ್ಧವಾದ ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪಾಠವನ್ನು ಅನುಸರಿಸಿದ. ಅಂಥ ಕಥೆಗಳು ಊರೂರು ಸುತ್ತಿದ್ದೇ ರೂಪ ಬದಲಿಸುತ್ತ. ಬ್ಯಾಂಬಿಯ ವಿಷಯದಲ್ಲಿ ಗಮನಿಸಬೇಕಾದ್ದು ಬೇರೆಯೇ ಇದೆ. ಇಲ್ಲಿ ಬದಲಾದದ್ದು ಕೇವಲ ಪಾತ್ರಗಳ ಹೆಸರು, ವೇಷಗಳಲ್ಲ. ಕಾಡಿನಲ್ಲಿ ಯಾರಿಗೆ ಯಾರ ಭಯ, ಆ ಭಯದೊಂದಿಗೆ ಬದುಕುವುದು ಹೇಗೆ ಎಂಬ ಮೂಲ ಪ್ರಶ್ನೆಯೇ ಬದಲಾಯಿತು. ಆ ಬದಲಾವಣೆಯ ಪರಿಣಾಮ ಚಿತ್ರಮಂದಿರದ ಆಚೆಗೂ ಹಬ್ಬಿತು.

ಬೇಟೆಗಾರ ಬರೆದ ಜಿಂಕೆಯ ಕಥೆ

ಬ್ಯಾಂಬಿಯನ್ನು ಬರೆದವರು ಫೆಲಿಕ್ಸ್ ಸಾಲ್ಟನ್. 1869ರಲ್ಲಿ ಹಂಗೇರಿಯ ಪೆಸ್ಟ್ ನಗರದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಅವರ ಮೊದಲ ಹೆಸರು ಸಿಗ್ಮಂಡ್ ಸಾಲ್ಜ್‌ಮನ್. ಚಿಕ್ಕಂದಿನಲ್ಲೇ ಕುಟುಂಬದೊಂದಿಗೆ ವಿಯೆನ್ನಾಕ್ಕೆ ಬಂದ ಅವರು ಮುಂದೆ ಅಲ್ಲಿಯ ಹೆಸರಾಂತ ಪತ್ರಕರ್ತರೂ ನಾಟಕ ವಿಮರ್ಶಕರೂ ಆದರು. ಬ್ಯಾಂಬಿ ಮೊದಲು ಪ್ರಕಟವಾದದ್ದು ಮಕ್ಕಳ ಪುಸ್ತಕವಾಗಿ ಅಲ್ಲ. 1922ರಲ್ಲಿ 'ನೋಯೆ ಫ್ರೈಯೆ ಪ್ರೆಸ್ಸೆ' ಎಂಬ ದಿನಪತ್ರಿಕೆಯಲ್ಲಿ ಧಾರಾವಾಹಿಯಾಗಿ. ರಾಜಕೀಯ ಸುದ್ದಿ, ಹಣದುಬ್ಬರದ ವರದಿಗಳ ನಡುವೆ ದೊಡ್ಡವರು ಓದಿದ ಕಥೆ ಅದು. ಮೊದಲನೇ ಮಹಾಯುದ್ಧ ಮುಗಿದು ನಾಲ್ಕೇ ವರ್ಷವಾಗಿತ್ತು. ಆಸ್ಟ್ರಿಯಾದ ಸಾಮ್ರಾಜ್ಯ ಚೂರಾಗಿತ್ತು. ಆ ಓದುಗರಿಗೆ ಗುಂಡಿನ ಸದ್ದು ದೂರದ ವಿಷಯವಾಗಿರಲಿಲ್ಲ.

ಸಾಲ್ಟನ್ ಸ್ವತಃ ಬೇಟೆಗಾರರಾಗಿದ್ದರು ಎಂಬುದು ಸೋಜಿಗವೆನಿಸಬಹುದು. ಆದರೆ ಕಾದಂಬರಿಯ ಕಾಡು ಅಷ್ಟು ಖಚಿತವಾಗಿ ಮೂಡಿರುವುದಕ್ಕೆ ಅದೂ ಒಂದು ಕಾರಣ. ಗಂಟೆಗಟ್ಟಲೆ ಪೊದೆಯ ಮರೆಯಲ್ಲಿ ಕೂತು ನೋಡಿದವರ ಕಣ್ಣು ಅಲ್ಲಿದೆ. ಅವರ ಬ್ಯಾಂಬಿ ಯೂರೋಪಿನ ರೋ ಜಿಂಕೆ. ನಮ್ಮ ಚುಕ್ಕೆ ಜಿಂಕೆಗಿಂತ ಚಿಕ್ಕದಾದ ಈ ಪ್ರಾಣಿ ದೊಡ್ಡ ಹಿಂಡು ಕಟ್ಟುವುದು ಕಡಿಮೆ; ವರ್ಷದ ಬಹುಕಾಲ ಒಂಟಿಯಾಗಿಯೇ ಪೊದೆಗಳಲ್ಲಿ ಅಡಗಿ ಬದುಕುತ್ತದೆ. ಕಾದಂಬರಿಯ ನೀತಿಯೂ ಅದೇ. ಒಂಟಿಯಾಗಿರಲು ಕಲಿತವನಷ್ಟೇ ಉಳಿಯುತ್ತಾನೆ ಎಂಬುದು ವಯಸ್ಸಾದ ಗಂಡು ಜಿಂಕೆ ಬ್ಯಾಂಬಿಗೆ ಹೇಳಿಕೊಡುವ ಪಾಠ.

ಈ ಕಾಡಿನಲ್ಲಿ ಪ್ರಾಣಿಗಳೆಲ್ಲ ಗೆಳೆಯರಲ್ಲ. ಮರಿಯಾಗಿದ್ದಾಗಲೇ ಬ್ಯಾಂಬಿಯ ಕಣ್ಣೆದುರು ಒಂದು ಇಲಿ ಕೊಲೆಯಾಗುತ್ತದೆ. ಚಳಿಗಾಲ ಬಂದು ಹಸಿವು ಹೆಚ್ಚಿದಂತೆ ಪ್ರಾಣಿಗಳ ನಡುವಿನ ಮರ್ಯಾದೆಯೂ ಕುಸಿಯುತ್ತದೆ. ನರಿ ಫೆಸೆಂಟ್ ಹಕ್ಕಿಯನ್ನು ಹರಿದು ತಿನ್ನುತ್ತದೆ. ಎಲ್ಲಕ್ಕೂ ಮೇಲೆ ಮನುಷ್ಯನಿದ್ದಾನೆ. ಪ್ರಾಣಿಗಳು ಅವನ ಹೆಸರು ಹೇಳುವುದಿಲ್ಲ. 'ಅವನು' ಎಂದಷ್ಟೇ ಪಿಸುಗುಡುತ್ತವೆ. ಅವನಿಗೆ ಮೂರು ಕೈಗಳಿವೆ, ಮೂರನೆಯದು ಬೆಂಕಿ ಉಗುಳುತ್ತದೆ ಎಂದು ಅವು ಮಾತಾಡಿಕೊಳ್ಳುತ್ತವೆ. ಬಂದೂಕು ಎಂಬ ವಸ್ತು ಗೊತ್ತಿಲ್ಲದ ಕಣ್ಣಿಗೆ ಅದು ಕೈಯಲ್ಲದೆ ಬೇರೇನು? ಒಂದು ದಿನ ಅವನೂ ನಮ್ಮೊಡನೆ ಸೌಮ್ಯವಾಗಿ ಬಾಳಲು ಬರುತ್ತಾನಂತೆ ಎಂದು ಎಳೆಯ ಹೆಣ್ಣು ಜಿಂಕೆಯೊಂದು ನುಡಿದರೆ, ವಯಸ್ಸಾದ ಇನ್ನೊಂದು ಜಿಂಕೆ ಅದನ್ನು ಕೇಳಿ ನಗುತ್ತದೆ.

ಕೊರಳಪಟ್ಟಿ ಮತ್ತು ಹೆಣ

ಕಾದಂಬರಿಯ ಹೃದಯವಿರುವುದು ಗೋಬೊ ಎಂಬ ದುರ್ಬಲ ಜಿಂಕೆಯ ಕಥೆಯಲ್ಲಿ. ಜನರು ಸಾಲುಗಟ್ಟಿ ಗದ್ದಲ ಮಾಡುತ್ತ ಪ್ರಾಣಿಗಳನ್ನು ಬಂದೂಕಿನತ್ತ ಓಡಿಸುವ ದೊಡ್ಡ ಬೇಟೆಯ ದಿನ ಬ್ಯಾಂಬಿಯ ತಾಯಿ ಕಾಣೆಯಾಗುತ್ತಾಳೆ. ಅದೇ ದಿನ ಗೋಬೊ ಹಿಮದಲ್ಲಿ ಕುಸಿದು ಬೀಳುತ್ತಾನೆ. ಸತ್ತನೆಂದು ಎಲ್ಲರೂ ತಿಳಿಯುತ್ತಾರೆ. ಆದರೆ ಎಷ್ಟೋ ಕಾಲದ ಮೇಲೆ ಅವನು ಮೈತುಂಬಿಕೊಂಡು ಮರಳುತ್ತಾನೆ. ಮನುಷ್ಯ ಅವನನ್ನು ಎತ್ತಿಕೊಂಡು ಹೋಗಿ, ಬೆಚ್ಚಗಿಟ್ಟು, ಮೇವು ಹಾಕಿ ಸಾಕಿದ್ದಾನೆ. ಅವನ ಕೊರಳಲ್ಲಿ ಒಂದು ಪಟ್ಟಿಯ ಗುರುತಿದೆ. ಅದು ತನಗೆ ಸಿಕ್ಕ ಮರ್ಯಾದೆ ಎಂದು ಗೋಬೊ ಹೆಮ್ಮೆಯಿಂದ ಹೇಳಿಕೊಂಡರೆ ಹಿರಿಯ ಜಿಂಕೆ ಅವನನ್ನು ಮರುಕದಿಂದ ನೋಡುತ್ತದೆ. ಮುಂದೊಂದು ದಿನ ಮನುಷ್ಯನ ವಾಸನೆ ಮೂಗಿಗೆ ಬಡಿದರೂ ಗೋಬೊ ಓಡುವುದಿಲ್ಲ. 'ಅವನಿಗೆ ನನ್ನ ಪರಿಚಯವಿದೆ' ಎಂಬ ನಂಬಿಕೆಯಿಂದ ಬಯಲಿಗೆ ಹೋಗಿ ಗುಂಡೇಟು ತಿನ್ನುತ್ತಾನೆ. ಸಾಕಿದ ಕೈಗೂ ಕೊಂದ ಕೈಗೂ ಕಾಡಿನ ಕಣ್ಣಿನಲ್ಲಿ ಭೇದವಿಲ್ಲ.

ಇದರ ಇನ್ನೊಂದು ಮುಖ ನಾಯಿ ಮತ್ತು ನರಿಯ ಪ್ರಸಂಗ. ಗಾಯಗೊಂಡ ನರಿಯನ್ನು ಬೇಟೆನಾಯಿ ಅಟ್ಟಿಸಿಕೊಂಡು ಬರುತ್ತದೆ. ನೀನು ನಮ್ಮವನೇ ಆಗಿ ನಮ್ಮನ್ನೇ ಹಿಡಿದುಕೊಡುವ ದ್ರೋಹಿ ಎಂದು ನರಿ ಹೀಯಾಳಿಸಿದರೆ, ನಾನೊಬ್ಬನೇ ಅಲ್ಲ, ಕುದುರೆ, ಹಸು, ಕುರಿ, ಕೋಳಿ ಎಲ್ಲರೂ ಅವನ ಕಡೆಯವರೇ ಎಂದು ನಾಯಿ ತಿರುಗಿ ವಾದಿಸುತ್ತದೆ. ಯಜಮಾನನ ಶಕ್ತಿಗೆ ಶರಣಾದವನ ಮಾತನ್ನು ಇಷ್ಟು ಸ್ಪಷ್ಟವಾಗಿ ಆಡಿಸಿದ ಪ್ರಾಣಿಕಥೆಗಳು ವಿರಳ.

ಕೊನೆಯಲ್ಲಿ ಹಿರಿಯ ಜಿಂಕೆ ಬ್ಯಾಂಬಿಯನ್ನು ಒಂದು ಹೆಣದ ಬಳಿಗೆ ಕರೆದೊಯ್ಯುತ್ತದೆ. ಸತ್ತು ಬಿದ್ದಿರುವವನು ಮನುಷ್ಯ. ಇನ್ನೊಬ್ಬ ಮನುಷ್ಯನ ಗುಂಡಿಗೆ ಬಲಿಯಾದವನು. ಅವನೂ ನಮ್ಮಂತೆಯೇ ಹೆದರುತ್ತಾನೆ, ನರಳುತ್ತಾನೆ, ಸಾಯುತ್ತಾನೆ ಎಂಬುದನ್ನು ತೋರಿಸಲೆಂದೇ ಈ ಪ್ರಯಾಣ. ಅವನಿಗೂ ನಮಗೂ ಮೇಲೆ ಇನ್ನೊಬ್ಬನಿದ್ದಾನೆ ಎಂಬ ಅರಿವು ಬ್ಯಾಂಬಿಗೆ ಆಗುತ್ತದೆ. ಅದನ್ನು ಕೇಳಿದ ಮೇಲೆಯೇ ಹಿರಿಯ ಜಿಂಕೆ ನೆಮ್ಮದಿಯಿಂದ ಸಾಯಲು ಹೊರಡುವುದು. ಭಯವನ್ನು ಪೂಜೆಯನ್ನಾಗಿ ಮಾಡಿಕೊಳ್ಳಬಾರದು ಎಂಬುದು ಇಡೀ ಕಾದಂಬರಿ ತಲುಪುವ ತೀರ್ಮಾನ.

ಇಂಗ್ಲಿಷಿಗೆ ಬಂದಾಗ

1928ರಲ್ಲಿ ನ್ಯೂಯಾರ್ಕಿನ ಸೈಮನ್ ಅಂಡ್ ಶುಸ್ಟರ್ ಸಂಸ್ಥೆ ಬ್ಯಾಂಬಿಯನ್ನು ಇಂಗ್ಲಿಷಿನಲ್ಲಿ ಹೊರತಂದಿತು. ಅನುವಾದಿಸಿದವರು ವಿಟಕರ್ ಚೇಂಬರ್ಸ್, ಆಗಿನ್ನೂ ಮೂವತ್ತು ತುಂಬದ ಕಮ್ಯುನಿಸ್ಟ್ ತರುಣ. ಮುಂದೆ ಸೋವಿಯತ್ ಗೂಢಚಾರಿಕೆಯನ್ನು ತೊರೆದು, 1948ರಲ್ಲಿ ಆಲ್ಗರ್ ಹಿಸ್ ಎಂಬ ಅಧಿಕಾರಿಯ ವಿರುದ್ಧ ಸಾಕ್ಷಿ ನುಡಿದು ಅಮೆರಿಕದ ರಾಜಕೀಯವನ್ನೇ ಅಲುಗಾಡಿಸಿದವರು ಇವರೇ. ಸರಳವೂ ಇಂಪಾದುದೂ ಆದ ಅವರ ಅನುವಾದ 'ಬುಕ್ ಆಫ್ ದ ಮಂತ್ ಕ್ಲಬ್' ಮೂಲಕ ಅಮೆರಿಕದ ಮನೆಮನೆಗೆ ತಲುಪಿತು. ಮುನ್ನುಡಿ ಬರೆದ ಜಾನ್ ಗಾಲ್ಸ್‌ವರ್ದಿ ಇದನ್ನು ಬೇಟೆಯ ಹವ್ಯಾಸಿಗಳು ವಿಶೇಷವಾಗಿ ಓದಬೇಕೆಂದು ಶಿಫಾರಸು ಮಾಡಿದರು.

ಬದಲಾವಣೆ ಮುಖಪುಟದಿಂದಲೇ ಶುರುವಾಗಿತ್ತು. ಜರ್ಮನ್ ಉಪಶೀರ್ಷಿಕೆಯ ಅರ್ಥ 'ಕಾಡಿನಿಂದ ಬಂದ ಒಂದು ಜೀವನಕಥೆ' ಎಂದು. ಇಂಗ್ಲಿಷಿನಲ್ಲಿ ಅದು 'ಕಾಡಿನಲ್ಲೊಂದು ಬದುಕು' ಎಂದಾಯಿತು. ಕಥೆ ಎಂಬ ಮಾತು ಬಿಟ್ಟುಹೋಯಿತು. ಬದಲಿಗೆ ಹೆನ್ರಿ ಥೋರೋನ 'ವಾಲ್ಡನ್' ಕೃತಿಯ ಉಪಶೀರ್ಷಿಕೆಯ ನೆನಪು ಸೇರಿಕೊಂಡಿತು. ಜೀವನಚರಿತ್ರೆಯ ಜಾಗದಲ್ಲಿ ನಿಸರ್ಗವರ್ಣನೆ ಬಂದು ಕೂತಂತಾಯಿತು. ಪ್ರಾಣಿಗಳ ಹೆಸರಿನಲ್ಲೂ ತೊಡಕಿತ್ತು. ಜರ್ಮನ್ನಿನಲ್ಲಿ ರೋ ಜಿಂಕೆಗೆ ಒಂದು ಪದ, ಅದರ ಭಾರೀ ಗಾತ್ರದ ಬಂಧುವಾದ ಕೆಂಪು ಜಿಂಕೆಗೆ ಬೇರೆ ಪದ. ಅಮೆರಿಕದಲ್ಲಿ ಇವೆರಡೂ ಇಲ್ಲದ್ದರಿಂದ ಚೇಂಬರ್ಸ್ ಎರಡನೆಯದನ್ನು 'ಎಲ್ಕ್' ಎಂದು ಕರೆದರು. ಅದೇ ಪದಕ್ಕೆ ಇಂಗ್ಲೆಂಡಿನಲ್ಲಿ ಬೇರೊಂದೇ ಪ್ರಾಣಿಯೆಂಬ ಅರ್ಥ. ಕಾಡು ಹೀಗೆ ಮೆಲ್ಲಗೆ ಆಸ್ಟ್ರಿಯಾದಿಂದ ಅಮೆರಿಕದತ್ತ ಸರಿಯತೊಡಗಿತು.

ಅನುವಾದದಲ್ಲಿ ದಾಟಿ ಬರಲಾರದ ಇನ್ನೊಂದು ಸಂಗತಿ ಪ್ರಾಣಿಗಳ ಮಾತಿನ ಧಾಟಿ. ಸಾಲ್ಟನ್ನರ ಪ್ರಾಣಿಗಳು ವಿಯೆನ್ನಾದ ಕಾಫಿಮನೆಗಳ ಜನರಂತೆ ಹರಟುತ್ತವೆ, ಉಪಚಾರ ಹೇಳುತ್ತವೆ, ಚುಚ್ಚುತ್ತವೆ. ಅದೇ ಊರಿನ ಕಟುವಿಮರ್ಶಕ ಕಾರ್ಲ್ ಕ್ರಾಸ್ 1929ರಲ್ಲಿ ಸಾಲ್ಟನ್ನರ ಇನ್ನೊಂದು ಪುಸ್ತಕವನ್ನು ಗೇಲಿ ಮಾಡುತ್ತ, ಈ ಮೊಲಗಳು ಯಹೂದಿ ಉಚ್ಚಾರದಲ್ಲಿ ಮಾತಾಡುತ್ತವೆ ಎಂದು ಚುಚ್ಚಿದ್ದುಂಟು. ಮೂಲಭಾಷೆಯ ಓದುಗರಿಗೆ ಆ ದನಿಗಳಲ್ಲಿ ಊರು, ಜಾತಿ, ಅಂತಸ್ತುಗಳೆಲ್ಲ ಕೇಳಿಸುತ್ತಿದ್ದವು ಎಂಬುದಕ್ಕೆ ಈ ಗೇಲಿಯೇ ಸಾಕ್ಷಿ. ಇಂಗ್ಲಿಷಿನಲ್ಲಿ ಅವೆಲ್ಲ ಒಂದೇ ಸಮನಾದ ಮೃದು ಮಾತಾದವು.

'ಅವನು' ಎಂಬ ಒಂದು ಪದವನ್ನೇ ನೋಡಬಹುದು. ಜರ್ಮನ್ನಿನಲ್ಲಿ ಈ ಸರ್ವನಾಮವನ್ನು ಸಾಲ್ಟನ್ ದೊಡ್ಡಕ್ಷರದಿಂದ ಬರೆದರು. ದೇವರನ್ನು ಕುರಿತು ಹೇಳುವಾಗ ಬರೆಯುವ ಹಾಗೆ. ಇಂಗ್ಲಿಷಿನಲ್ಲಿಯೂ ದೊಡ್ಡಕ್ಷರದ ಸಂಪ್ರದಾಯ ಇದ್ದುದರಿಂದ ಚೇಂಬರ್ಸ್‌ಗೆ ಅದು ಸುಲಭವಾಯಿತು. ಇದೇ ಮಾತನ್ನು ಕನ್ನಡಕ್ಕೆ ತರಬೇಕಾದರೆ ಕಷ್ಟ ಬೇರೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ. ಆದರೆ ನಮ್ಮ ವ್ಯಾಕರಣ ಪ್ರಾಣಿಗೆ 'ಅದು' ಎನ್ನುತ್ತದೆ, ಮನುಷ್ಯನಿಗೆ 'ಅವನು' ಎನ್ನುತ್ತದೆ. ಬ್ಯಾಂಬಿಯನ್ನು 'ಅದು' ಎಂದರೆ ಮನುಷ್ಯ ತಾನಾಗಿಯೇ ಬೇರೆಯಾಗಿ ನಿಲ್ಲುತ್ತಾನೆ, ಆದರೆ ಜಿಂಕೆ ವಸ್ತುವಿನಂತಾಗುತ್ತದೆ. 'ಅವನು' ಎಂದರೆ ಜಿಂಕೆಗೆ ಜೀವ ಬರುತ್ತದೆ, ಆದರೆ ಕಾಡನ್ನೆಲ್ಲ ನಡುಗಿಸುವ ಆ 'ಅವನು' ಗುಂಪಿನಲ್ಲಿ ಕರಗಿಹೋಗುತ್ತಾನೆ. ಅನುವಾದಕರು ಇಂಥ ಒಂದೊಂದು ಕವಲಿನಲ್ಲೂ ಏನನ್ನಾದರೂ ಬಿಟ್ಟೇ ಮುಂದೆ ಹೋಗಬೇಕು.

ತೆರೆಯ ಮೇಲಿನ ಕಾಡು

1933ರಲ್ಲಿ ಹಾಲಿವುಡ್ ನಿರ್ದೇಶಕ ಸಿಡ್ನಿ ಫ್ರಾಂಕ್ಲಿನ್ ಸಾವಿರ ಡಾಲರಿಗೆ ಕಾದಂಬರಿಯ ಚಿತ್ರೀಕರಣದ ಹಕ್ಕು ಕೊಂಡರು. ನಿಜವಾದ ಪ್ರಾಣಿಗಳನ್ನಿಟ್ಟು ಚಿತ್ರ ತೆಗೆಯುವುದು ಕಷ್ಟವೆಂದು ತಿಳಿದಾಗ ಹಕ್ಕು ವಾಲ್ಟ್ ಡಿಸ್ನಿಯ ಕೈಸೇರಿತು. ಅತ್ತ ಯೂರೋಪಿನಲ್ಲಿ ಹಿಟ್ಲರನ ಸರ್ಕಾರ ಸಾಲ್ಟನ್ನರ ಪುಸ್ತಕಗಳನ್ನು ನಿಷೇಧಿಸಿತು. 1938ರಲ್ಲಿ ಜರ್ಮನಿ ಆಸ್ಟ್ರಿಯಾವನ್ನು ನುಂಗಿಕೊಂಡಿತು. ಮರುವರ್ಷ ಸಾಲ್ಟನ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ತೆರಳಿ, 1945ರಲ್ಲಿ ಅಲ್ಲಿಯೇ ತೀರಿಕೊಂಡರು.

ಡಿಸ್ನಿಯ ಕಲಾವಿದರು ಶ್ರಮಕ್ಕೆ ಹಿಂಜರಿಯಲಿಲ್ಲ. ಮೇಯ್ನ್ ರಾಜ್ಯದಿಂದ ಎರಡು ಜಿಂಕೆ ಮರಿಗಳನ್ನು ಸ್ಟುಡಿಯೋಕ್ಕೆ ತರಿಸಿ, ಅವುಗಳ ನಡೆ, ಕೀಲು, ಕಿವಿಗಳ ಚಲನೆಯನ್ನು ಅಭ್ಯಾಸ ಮಾಡಿದರು. ಹಾಗೆ ಬ್ಯಾಂಬಿ ಅಮೆರಿಕದ ಬಿಳಿಬಾಲದ ಜಿಂಕೆಯಾಯಿತು. ಚೀನಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದಿದ್ದ ಟೈರಸ್ ವಾಂಗ್, ಸಾಂಗ್ ಕಾಲದ ಚೀನೀ ಭೂದೃಶ್ಯ ಚಿತ್ರಗಳ ರೀತಿಯಲ್ಲಿ ಕಾಡನ್ನು ಮಂಜು, ನೆರಳು, ಬಣ್ಣದ ತೊಳೆತದಲ್ಲಿ ಕಲ್ಪಿಸಿದರು. ಎಲೆ ಎಲೆಯನ್ನೂ ಬರೆಯುವ ಬದಲು ಕಾಡಿನ ಭಾವವನ್ನು ಬರೆಯುವ ಈ ವಿಧಾನ ಚಿತ್ರಕ್ಕೆ ಜೀವ ತಂದಿತು. ಇದು ಸಿನಿಮಾ ಕೊಟ್ಟ ನಿಜವಾದ ಕೊಡುಗೆ. ಯಾವ ಅನುವಾದವೂ ಕೊಡಲಾಗದ್ದು.

ಕಥೆಯಲ್ಲಿ ಮಾತ್ರ ಭಾರೀ ಕತ್ತರಿ ಬಿತ್ತು. ಗೋಬೊ ಇಲ್ಲವಾದ. ನಾಯಿ, ನರಿಗಳ ವಾಗ್ವಾದ ಹೋಯಿತು. ಮನುಷ್ಯನ ಹೆಣ ಹೋಯಿತು. ಪ್ರಾಣಿಗಳು ಪರಸ್ಪರ ಕೊಲ್ಲುವುದೂ ಹೋಯಿತು. ತೆರೆಯ ಕಾಡಿನಲ್ಲಿ ಗೂಬೆ ಕೂಡ ಮೊಲಗಳಿಗೆ ಸಿಡುಕಿನ ಅಜ್ಜನಂತೆ. ಕಾದಂಬರಿಯಲ್ಲಿ ಇಲ್ಲದ ಭೀಕರ ಕಾಳ್ಗಿಚ್ಚು ಬೇಟೆಗಾರರ ಬಿಡಾರದ ಬೆಂಕಿಯಿಂದ ಹುಟ್ಟಿಕೊಂಡಿತು. ಒಂಟಿಯಾಗಿ ಮುಪ್ಪಾಗುವ ಬ್ಯಾಂಬಿಯ ಬದಲು, ಅವಳಿ ಮರಿಗಳ ತಂದೆಯಾಗಿ ಬಂಡೆಯ ಮೇಲೆ ನಿಂತ ಬ್ಯಾಂಬಿ ಬಂದ.

ಮನುಷ್ಯ ತೆರೆಯ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಕಾಣದ ಶತ್ರುವಿನ ಭಯ ದೊಡ್ಡದು, ನಿಜ. ಆದರೆ ಕಾದಂಬರಿಯಲ್ಲಿ ಅವನನ್ನು ಕಂಡದ್ದರಿಂದಲೇ, ಅವನ ಹೆಣವನ್ನು ನೋಡಿದ್ದರಿಂದಲೇ, ಬ್ಯಾಂಬಿಗೆ ಬಿಡುಗಡೆ. ಚಿತ್ರದಲ್ಲಿ ಅವನು ಸಾಯುವುದೂ ಇಲ್ಲ, ಸಾಕುವುದೂ ಇಲ್ಲ, ಕೊಲ್ಲುತ್ತಾನೆ ಅಷ್ಟೆ. ಹಾಗಾಗಿ ಒಂದು ಕಡೆ ಪೂರ್ತಿ ಮುಗ್ಧತೆ, ಇನ್ನೊಂದು ಕಡೆ ಪೂರ್ತಿ ಪಾಪ ಎಂಬ ಸರಳ ಲೆಕ್ಕ ಉಳಿಯಿತು. ಬಲಿಷ್ಠನ ದಯೆಯನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ ಕೇಳಲು ಅಲ್ಲಿ ಯಾರೂ ಉಳಿಯಲಿಲ್ಲ.

ಇದೊಂದೇ ದಾರಿಯಾಗಿತ್ತು ಎಂದಲ್ಲ. 1985ರಲ್ಲಿ ಸೋವಿಯತ್ ನಿರ್ದೇಶಕಿ ನತಾಲ್ಯಾ ಬೊಂದಾರ್ಚುಕ್ ಇದೇ ಕಾದಂಬರಿಯನ್ನು ತೆರೆಗೆ ತಂದಾಗ ಜಿಂಕೆಗಳ ಪಾತ್ರವನ್ನು ಮನುಷ್ಯ ನಟರಿಂದಲೂ ಮಾಡಿಸಿದರು. ಪ್ರಾಣಿಯ ಕಥೆ ಮನುಷ್ಯನ ಕಥೆಯೂ ಹೌದು ಎಂಬುದನ್ನು ಬಚ್ಚಿಡುವ ಬದಲು ಎದುರಿಗೇ ಇಟ್ಟ ಪ್ರಯೋಗ ಅದು.

ಚಿತ್ರಮಂದಿರದ ಆಚೆ

ಅಮೆರಿಕದ ಬೇಟೆಗಾರರು ಸುಮ್ಮನಿರಲಿಲ್ಲ. 'ಔಟ್‌ಡೋರ್ ಲೈಫ್' ಪತ್ರಿಕೆಯ ಸಂಪಾದಕರು ಚಿತ್ರ ತಮ್ಮವರಿಗೆ ಮಾಡಿದ ಅವಮಾನ ಎಂದು ಪ್ರತಿಭಟಿಸಿದರು. ಬೇಟೆಗಾರನೊಬ್ಬ ಬರೆದ, ಮುನ್ನುಡಿಕಾರರು ಬೇಟೆಗಾರರಿಗೇ ಶಿಫಾರಸು ಮಾಡಿದ ಕೃತಿ, ಹದಿನಾಲ್ಕು ವರ್ಷಗಳಲ್ಲಿ ಅವರ ಶತ್ರುವಾಗಿತ್ತು. 1944ರಲ್ಲಿ ಅಮೆರಿಕದ ಕಾಳ್ಗಿಚ್ಚು ತಡೆ ಪ್ರಚಾರದ ಭಿತ್ತಿಪತ್ರಗಳಲ್ಲಿ ಬ್ಯಾಂಬಿಯ ಚಿತ್ರ ಬಂತು. ಡಿಸ್ನಿ ಕೊಟ್ಟ ಅನುಮತಿ ಒಂದು ವರ್ಷಕ್ಕೆ ಮಾತ್ರ ಇದ್ದುದರಿಂದ ಅದರ ಜಾಗಕ್ಕೆ ಸ್ಮೋಕಿ ಎಂಬ ಕರಡಿಯನ್ನು ಸೃಷ್ಟಿಸಲಾಯಿತು. ಬೆಂಕಿಯೆಂದರೆ ಕಾಡಿನ ಶತ್ರು ಎಂಬ ಆ ಪ್ರಚಾರ ದಶಕಗಳ ಕಾಲ ನಡೆಯಿತು. ಒಣ ಕಸವನ್ನು ಸುಟ್ಟು ಸಾಗುವ ಸಣ್ಣ ಬೆಂಕಿ ಕೆಲವು ಬಗೆಯ ಕಾಡುಗಳಿಗೆ ಅಗತ್ಯ ಎಂಬುದನ್ನು ಅರಣ್ಯ ವಿಜ್ಞಾನಿಗಳು ಆಮೇಲೆ ಕಷ್ಟಪಟ್ಟು ಜನರಿಗೆ ತಿಳಿಹೇಳಬೇಕಾಯಿತು.

ಅದೇ ದಶಕದಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ತೋಳಗಳು ಬಹುಮಟ್ಟಿಗೆ ಅಳಿದು ಜಿಂಕೆಗಳು ಮಿತಿಮೀರಿ ಹೆಚ್ಚಿ, ಚಳಿಗಾಲದಲ್ಲಿ ಹಸಿವಿನಿಂದ ಸಾಯುತ್ತಿದ್ದವು. ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಅವುಗಳ ಸಂಖ್ಯೆ ತಗ್ಗಿಸಬೇಕೆಂದಾಗ ಜನರ ತೀವ್ರ ವಿರೋಧ ಎದುರಿಸಿದರು. ಆ ವಿರೋಧಕ್ಕೆ ಒಂದು ಸಿನಿಮಾವನ್ನೇ ಹೊಣೆ ಮಾಡುವುದು ತಪ್ಪಾದೀತು. ಆದರೆ ಚಳಿಗಾಲದ ಹಸಿವು ಕಾಡಿಗೆ ಏನು ಮಾಡುತ್ತದೆ ಎಂಬುದು ಸಾಲ್ಟನ್ನರ ಪುಟಗಳಲ್ಲಿತ್ತು. ಹೆಚ್ಚು ಜನ ನೋಡಿದ ಬ್ಯಾಂಬಿಯಲ್ಲಿ ಆ ಹಸಿವಿಗೆ ಸಿಕ್ಕಿದ್ದು ಒಂದೆರಡು ಗಳಿಗೆ.

ಮೂಲದತ್ತ ಮರಳಿ

ಹಕ್ಕುಗಳ ಜಗಳವೂ ಈ ಕಥೆಯ ಒಂದು ಅಧ್ಯಾಯ. 1923ರ ಜರ್ಮನ್ ಮುದ್ರಣದಲ್ಲಿ ಹಕ್ಕುಸ್ವಾಮ್ಯದ ಸೂಚನೆ ಇರಲಿಲ್ಲವೆಂಬ ಕಾರಣ ಹಿಡಿದು, ಪುಸ್ತಕ ಅಮೆರಿಕದಲ್ಲಿ ಯಾರ ಸ್ವತ್ತೂ ಅಲ್ಲ ಎಂದು ಡಿಸ್ನಿ ವಾದಿಸಿತು. 1996ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಕೊನೆಗೆ 2022ರ ಜನವರಿ 1ರಂದು ಅಲ್ಲಿ ಹಕ್ಕುಸ್ವಾಮ್ಯದ ಅವಧಿ ಮುಗಿದಾಗ ಅದೇ ವರ್ಷ ಜ್ಯಾಕ್ ಜೈಪ್ಸ್ ಮತ್ತು ಡೇಮಿಯನ್ ಸರ್ಲ್ಸ್ ಅವರ ಎರಡು ಹೊಸ ಇಂಗ್ಲಿಷ್ ಅನುವಾದಗಳು ಬಂದವು.

ಬ್ಯಾಂಬಿಯನ್ನು ಯೂರೋಪಿನ ಯಹೂದಿಗಳ ಪಾಡಿನ ರೂಪಕವಾಗಿ ಓದಬೇಕೆಂಬ ವಾದ ಈಗ ಬಲವಾಗಿದೆ. ಜೈಪ್ಸ್ ಆ ಪಕ್ಷದವರು. ಸಾಲ್ಟನ್ ಯಹೂದಿಗಳ ರಾಷ್ಟ್ರೀಯ ಚಳವಳಿಯ ಬಗ್ಗೆ ಒಲವುಳ್ಳವರಾಗಿ, 1924ರಲ್ಲಿ ಪ್ಯಾಲೆಸ್ಟೈನಿಗೆ ಹೋಗಿಬಂದು ಪುಸ್ತಕ ಬರೆದವರೆಂಬುದು ಇದಕ್ಕೆ ಒಂದು ಆಧಾರ. ಹಾಗೆಂದು ಕಾದಂಬರಿಯ ಜಿಂಕೆಗಳು ಬರೀ ವೇಷಧಾರಿಗಳಲ್ಲ. ಅವುಗಳ ಮೂಗು, ಕಿವಿ, ಭಯಗಳು ನಿಜವಾದ ಜಿಂಕೆಯವೇ. ಗೋಬೊನ ಕೊರಳಪಟ್ಟಿಯಲ್ಲಿ ಎರಡೂ ಅರ್ಥಗಳು ಒಟ್ಟಿಗೆ ನಿಲ್ಲುತ್ತವೆ. ಕಾದಂಬರಿ ಹೊರಬಂದು ಹದಿನಾರು ವರ್ಷಗಳ ಮೇಲೆ, ತಾವು ಈ ಊರಿನವರೇ, ತಮ್ಮನ್ನು ಎಲ್ಲರೂ ಬಲ್ಲರು ಎಂದು ನಂಬಿದ್ದ ವಿಯೆನ್ನಾದ ಎಷ್ಟೋ ಯಹೂದಿಗಳಿಗೆ ಬಯಲಿನಲ್ಲಿ ಸಿಕ್ಕ ಉತ್ತರ ಗೋಬೊನಿಗೆ ಸಿಕ್ಕದ್ದೇ ಆಗಿತ್ತು.

ಚಿತ್ರವನ್ನು ನೋಡಿ ಕಣ್ಣೊರೆಸಿಕೊಂಡವರು ಮೋಸ ಹೋದರು ಎನ್ನಬೇಕಾಗಿಲ್ಲ. ಅಲ್ಲಿನ ದುಃಖವೂ ನಿಜ, ಅಲ್ಲಿನ ಕಾಡೂ ಸುಂದರ. ಆದರೆ ತಾಯಿಯ ಸಾವು ಅಳಿಸುತ್ತದೆ, ಗೋಬೊನ ಸಾವು ಎಚ್ಚರಿಸುತ್ತದೆ. ಈ ಎರಡನೆಯದಕ್ಕಾಗಿ ಇಂದಿಗೂ ಪುಸ್ತಕವನ್ನೇ ತೆರೆಯಬೇಕು.